ಎರಡು ‘ಎಕ್ಸಲೆಂಟ್’ ಕಲ್ಲುಗಳ ನಡುವೆ: ವಜ್ರದ ಕಟ್ ಅಂಕವನ್ನು ಓದಲು ನಾನು ಕಲಿತ ಬಗೆ

ಬಿಳಿ ಕಾಗದದ ಮಡಿಕೆಯೊಳಗೆ ಎರಡು ದುಂಡು ವಜ್ರಗಳಿದ್ದವು. ಒಂದರ ತೂಕ 1.01 ಕ್ಯಾರಟ್, ಇನ್ನೊಂದರದು 0.96 ಕ್ಯಾರಟ್. ಬಣ್ಣ ಮತ್ತು ಶುದ್ಧತೆಯಲ್ಲಿ ಎರಡೂ ಒಂದೇ ದರ್ಜೆಯವು. ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಸಂಸ್ಥೆಯ ವರದಿ ಎರಡಕ್ಕೂ ಇತ್ತು; ಎರಡರಲ್ಲಿಯೂ ಕಟ್ ಎಂಬುದರ ಮುಂದೆ ‘ಎಕ್ಸಲೆಂಟ್’ ಎಂದೇ ಇತ್ತು. ಅಂಗಡಿಯ ದೀಪಗಳ ಕೆಳಗೆ ಎರಡೂ ಕಣ್ಣು ಕೋರೈಸುತ್ತಿದ್ದವು. ಒಂದು ಕ್ಯಾರಟ್ ದಾಟಿದ ಕಲ್ಲು ಸಿಗುತ್ತಿರುವಾಗ ಅದಕ್ಕಿಂತ ಕಡಿಮೆ ತೂಕದ್ದನ್ನು ಏಕೆ ನೋಡುತ್ತೀರಿ ಎಂದು ಮಾರಾಟಗಾರರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹೆಂಡತಿಯ ಉಂಗುರಕ್ಕೆ ಕಲ್ಲು ಆರಿಸಲು ಹೋಗಿದ್ದ ನಾನು ಎರಡೂ ವರದಿಗಳ ಪ್ರತಿ ತೆಗೆದುಕೊಂಡು, ಒಂದು ವಾರದ ಅವಧಿ ಕೇಳಿ, ಬರಿಗೈಯಲ್ಲಿ ಮನೆಗೆ ಬಂದೆ.

ಅಳತೆಯೇ ನನ್ನ ಕಸುಬು. ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೈಕ್ರೋಮೀಟರ್, ಕೋನಮಾಪಕಗಳ ನಡುವೆ ದಿನ ಕಳೆಯುವವನು ನಾನು. ‘ಪಾಸ್’ ಎಂಬ ಮುದ್ರೆ ಬಿದ್ದ ಎರಡು ಬಿಡಿಭಾಗಗಳು ಒಂದೇ ಅಳತೆಯವು ಎಂದು ನಮ್ಮಲ್ಲಿ ಯಾರೂ ಭಾವಿಸುವುದಿಲ್ಲ. ಒಂದು ಮಿತಿಯ ನಟ್ಟನಡುವೆ ಕೂತಿರುತ್ತದೆ, ಇನ್ನೊಂದು ಮಿತಿಯ ಅಂಚನ್ನು ಹಿಡಿದು ನೇತಾಡುತ್ತಿರುತ್ತದೆ. ಉದ್ಯೋಗದಲ್ಲಿ ಪ್ರತಿದಿನ ಬಳಸುವ ಈ ತಿಳಿವಳಿಕೆ ಆಭರಣದಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನನ್ನಿಂದ ಹಾರಿಹೋಗಿತ್ತು ಎಂಬುದು ಮನೆಗೆ ಬಂದು ವರದಿಯ ಹಾಳೆಯನ್ನು ಬೆಳಕಿಗೆ ಹಿಡಿದಾಗ ಅರಿವಾಯಿತು.

ಮೊದಲಿಗೆ ಕಟ್ ಎಂದರೇನು ಎಂಬುದನ್ನೇ ಸರಿಪಡಿಸಿಕೊಳ್ಳಬೇಕಾಯಿತು. ದುಂಡು, ಚೌಕ, ಅಂಡಾಕಾರ ಎಂಬುವು ಕಲ್ಲಿನ ಆಕಾರಗಳು. ಕಟ್ ಎಂದರೆ ಆ ಆಕಾರದೊಳಗೆ ಮುಖಗಳನ್ನು ಎಷ್ಟು ಕೋನದಲ್ಲಿ, ಎಷ್ಟು ಅಗಲದಲ್ಲಿ, ಎಷ್ಟು ಸಮನಾಗಿ ಸಾಣೆ ಹಿಡಿದಿದ್ದಾರೆ ಎಂಬುದು. ಸಾಮಾನ್ಯ ದುಂಡು ಬ್ರಿಲಿಯಂಟ್ ವಜ್ರದಲ್ಲಿ 57 ಮುಖಗಳಿರುತ್ತವೆ: ಮೇಲ್ಭಾಗವಾದ ಕ್ರೌನ್‌ನಲ್ಲಿ ಟೇಬಲ್ ಎಂಬ ದೊಡ್ಡ ಚಪ್ಪಟೆ ಮುಖವೂ ಸೇರಿ 33, ಕೆಳಭಾಗವಾದ ಪೆವಿಲಿಯನ್‌ನಲ್ಲಿ 24. ತುದಿಯಲ್ಲಿ ಕ್ಯುಲೆಟ್ ಎಂಬ ಪುಟ್ಟ ಮುಖವಿದ್ದರೆ ಒಟ್ಟು 58. ಮೇಲಿನ ಹಾಗೂ ಕೆಳಗಿನ ಭಾಗಗಳು ಸೇರುವ ಕಡೆ ಕಲ್ಲನ್ನು ಸುತ್ತುವರಿದ ತೆಳು ಪಟ್ಟಿಗೆ ಗರ್ಡಲ್ ಎನ್ನುತ್ತಾರೆ. ಬಣ್ಣ ಮತ್ತು ಶುದ್ಧತೆ ಭೂಮಿಯೊಳಗೋ ಪ್ರಯೋಗಾಲಯದೊಳಗೋ ತೀರ್ಮಾನವಾಗಿರುತ್ತವೆ. ಕಟ್ ಮಾತ್ರ ಸಾಣೆ ಹಿಡಿದವನ ನಿರ್ಧಾರ. ಆ ನಿರ್ಧಾರದ ಹಿಂದೆ ಬೆಳಕಿನ ಲೆಕ್ಕದ ಜೊತೆಗೆ ತೂಕದ ಲೆಕ್ಕವೂ ಇರುತ್ತದೆ ಎಂಬುದು ಆಮೇಲೆ ತಿಳಿಯಿತು.

ಬೆಳಕಿನ ಲೆಕ್ಕ ಹೀಗಿದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ವಜ್ರಕ್ಕೆ ಸುಮಾರು 2.42. ಅದರಿಂದ ಹೊರಡುವ ಕ್ರಾಂತಿಕ ಕೋನ ಕೇವಲ 24.4 ಡಿಗ್ರಿ. ಅಂದರೆ ಒಳಗೆ ಬಂದ ಕಿರಣ ಯಾವುದೇ ಮುಖವನ್ನು, ಆ ಮುಖದ ಲಂಬರೇಖೆಯಿಂದ 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಗಿದರೆ ಹೊರಗೆ ಹೋಗಲಾರದೆ ಕನ್ನಡಿಯಿಂದ ಚಿಮ್ಮಿದಂತೆ ಒಳಕ್ಕೇ ಮರಳುತ್ತದೆ. ಟೇಬಲ್ ಮೂಲಕ ಒಳಗಿಳಿದ ಕಿರಣ ಪೆವಿಲಿಯನ್‌ನ ಒಂದು ಬದಿಗೆ ತಾಗಿ, ಎದುರು ಬದಿಗೆ ಚಿಮ್ಮಿ, ಅಲ್ಲಿಂದ ಮತ್ತೆ ಮೇಲಕ್ಕೆದ್ದು ನೋಡುವವರ ಕಣ್ಣಿಗೆ ಬರಬೇಕು. ಮೊದಲ ಬದಿಯಲ್ಲಿ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ. ಪೆವಿಲಿಯನ್ ಕಡಿದಾದಷ್ಟೂ ಎರಡನೆಯ ಬದಿಗೆ ಕಿರಣ ನೇರವಾಗಿ ತಾಗತೊಡಗುತ್ತದೆ. ಕ್ರೌನ್ ಕೂಡ ಕಡಿದಾಗಿದ್ದರೆ ಅದರ ಮುಖಗಳ ಮೂಲಕ ಬಂದ ಕಿರಣಗಳ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಒಂದು ಹಂತದಲ್ಲಿ ಬೆಳಕು ಎರಡನೆಯ ಬದಿಯಿಂದ ಹಿಂದಕ್ಕೆ ಸೋರಿಹೋಗುತ್ತದೆ. ಇದನ್ನು ವ್ಯಾಪಾರದ ಮಾತಿನಲ್ಲಿ ಲೀಕೇಜ್ ಎನ್ನುತ್ತಾರೆ. 1919ರಲ್ಲಿ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ಇಂಥ ಲೆಕ್ಕಗಳನ್ನೇ ಮಾಡಿ ಟೇಬಲ್ ಕಲ್ಲಿನ ಅಗಲದ ಶೇ. 53, ಗರ್ಡಲ್‌ನ ಮಟ್ಟದಿಂದ ಅಳೆದ ಕ್ರೌನ್ ಕೋನ 34.5 ಡಿಗ್ರಿ, ಪೆವಿಲಿಯನ್ ಕೋನ 40.75 ಡಿಗ್ರಿ ಎಂಬ ಅಳತೆಗಳನ್ನು ಮುಂದಿಟ್ಟರು. ಅವರು ಪರಿಗಣಿಸದೆ ಬಿಟ್ಟ ಸಂಗತಿಗಳು ಅನೇಕವಿದ್ದರೂ ಆ ಎರಡು ಕೋನಗಳ ಆಸುಪಾಸಿನಲ್ಲೇ ಇಂದಿಗೂ ಒಳ್ಳೆಯ ದುಂಡು ವಜ್ರಗಳು ಸುಳಿಯುತ್ತವೆ.

ಇಷ್ಟು ತಿಳಿದ ಮೇಲೆ ಜಿಐಎ ದರ್ಜೆ ಏನನ್ನು ಹೇಳುತ್ತದೆ ಎಂದು ನೋಡಿದೆ. ಆ ಸಂಸ್ಥೆ ದುಂಡು ಬ್ರಿಲಿಯಂಟ್‌ಗಳಿಗೆ ಕಟ್ ದರ್ಜೆ ಕೊಡಲು ಆರಂಭಿಸಿದ್ದು 2006ರಲ್ಲಿ. ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಎಂಬ ಐದು ಮೆಟ್ಟಿಲುಗಳು. ಒಟ್ಟು ಪ್ರಕಾಶ, ಬಣ್ಣದ ಕಿಡಿ, ಕಲ್ಲನ್ನು ಅಲುಗಿಸಿದಾಗಿನ ಮಿನುಗು, ಅಗಲಕ್ಕೆ ತಕ್ಕ ತೂಕ, ಬಾಳಿಕೆ, ಪಾಲಿಶ್, ಸಮಮಿತಿ ಎಂಬ ಏಳು ಅಂಶಗಳನ್ನು ಅಲ್ಲಿ ಪರಿಗಣಿಸುತ್ತಾರೆ. ಇವುಗಳ ಸರಾಸರಿ ತೆಗೆಯುವುದಿಲ್ಲ, ಯಾವುದು ಎಲ್ಲಕ್ಕಿಂತ ಕೆಳಗಿದೆಯೋ ಅದೇ ಒಟ್ಟು ದರ್ಜೆಯನ್ನು ನಿರ್ಧರಿಸುತ್ತದೆ. ಗಣಕದ ಮಾದರಿಗಳ ಜೊತೆಗೆ, ಜನರನ್ನು ಕೂರಿಸಿ ಕಲ್ಲು ತೋರಿಸಿ ಪಡೆದ 70,000ಕ್ಕೂ ಹೆಚ್ಚು ಅವಲೋಕನಗಳ ಆಧಾರ ಈ ಪದ್ಧತಿಗಿದೆ. ನನಗೆ ಅದರ ಬಗ್ಗೆ ಗೌರವವಿದೆ. ಆದರೆ ನೋಡುವವರ ಅಭಿರುಚಿಗಳು ಬೇರೆಬೇರೆ ಎಂದು ಒಪ್ಪಿಕೊಂಡೇ ರೂಪಿಸಿದ ಪದ್ಧತಿಯಾದ್ದರಿಂದ ಅದರ ಮೇಲಿನ ಮೆಟ್ಟಿಲು ಬಹಳ ಅಗಲವಾಗಿದೆ. ಉಳಿದ ಅಳತೆಗಳು ಹೊಂದಿಕೊಂಡರೆ ಪೆವಿಲಿಯನ್ ಕೋನ 40.6ರಿಂದ 41.8ರವರೆಗೆ, ಕ್ರೌನ್ ಕೋನ 31.5ರಿಂದ 36.5ರವರೆಗೆ, ಟೇಬಲ್ ಶೇ. 52ರಿಂದ 62ರವರೆಗೆ ಇದ್ದರೂ ಎಕ್ಸಲೆಂಟ್ ಸಿಗಬಹುದು. ನಮ್ಮ ವಿಭಾಗದಲ್ಲಿ ಇಷ್ಟು ಸಡಿಲ ಮಿತಿಯ ನಕ್ಷೆ ಬಂದರೆ ಒಮ್ಮೆ ತಿರುಗಿಸಿ ಹಿಂಬದಿಯನ್ನೂ ನೋಡುತ್ತೇವೆ.

ಈಗ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟೆ. 1.01 ಕ್ಯಾರಟ್‌ನ ಕಲ್ಲಿಗೆ ಟೇಬಲ್ ಶೇ. 58, ಕ್ರೌನ್ ಕೋನ 35.5, ಪೆವಿಲಿಯನ್ ಕೋನ 41.4, ಒಟ್ಟು ಆಳ ಶೇ. 62.6. ಇನ್ನೊಂದಕ್ಕೆ ಟೇಬಲ್ ಶೇ. 56, ಕ್ರೌನ್ 34.5, ಪೆವಿಲಿಯನ್ 40.8, ಆಳ ಶೇ. 61.6. ಕ್ರೌನ್ ಮತ್ತು ಪೆವಿಲಿಯನ್ ಕೋನಗಳು ತಕ್ಕಡಿಯ ಎರಡು ತಟ್ಟೆಗಳಿದ್ದಂತೆ: ಒಂದು ಏರಿದರೆ ಇನ್ನೊಂದು ಇಳಿಯಬೇಕು. 34.5ಕ್ಕೆ 40.8 ಎಂಬ ಜೋಡಿಯಿಂದ ಹೊರಟು, ಕ್ರೌನ್ ಒಂದು ಡಿಗ್ರಿ ಹೆಚ್ಚಾದಾಗ ಪೆವಿಲಿಯನ್ ಸುಮಾರು 0.2 ಡಿಗ್ರಿ ಕಡಿಮೆಯಾಗಬೇಕು ಎಂಬುದು ಬಲ್ಲವರು ಬಳಸುವ ಸ್ಥೂಲ ಲೆಕ್ಕ. ಹಾಗೆ ನೋಡಿದರೆ 35.5 ಡಿಗ್ರಿಯ ಕ್ರೌನ್‌ಗೆ 40.6ರ ಪೆವಿಲಿಯನ್ ಹೊಂದುತ್ತಿತ್ತು. ನನ್ನ ಮುಂದಿದ್ದದ್ದು 41.4. ಎರಡೂ ತಟ್ಟೆಗಳು ಒಟ್ಟಿಗೇ ಮೇಲೇರಿದ್ದವು. ಬಲ್ಲವರು ಇಂಥ ಕಲ್ಲನ್ನು ‘ಸ್ಟೀಪ್ ಡೀಪ್’, ಅಂದರೆ ಕಡಿದು ಮತ್ತು ಆಳ, ಎಂದು ಕರೆಯುತ್ತಾರೆ.

ಯಾರಾದರೂ ಹೀಗೇಕೆ ಕತ್ತರಿಸುತ್ತಾರೆ ಎಂಬುದಕ್ಕೆ ಉತ್ತರ ಅದೇ ವರದಿಯ ಮೇಲಿನ ಸಾಲಿನಲ್ಲಿತ್ತು. ದೊಡ್ಡ ಕಲ್ಲಿನ ಅಳತೆ 6.36–6.39 × 3.99 ಮಿಲಿಮೀಟರ್, ಚಿಕ್ಕದರದ್ದು 6.33–6.36 × 3.91. ತೂಕದಲ್ಲಿ 0.05 ಕ್ಯಾರಟ್ ಹೆಚ್ಚಿದ್ದ ಕಲ್ಲು ಅಗಲದಲ್ಲಿ ಹೆಚ್ಚಿದ್ದದ್ದು 0.03 ಮಿಲಿಮೀಟರ್, ಅಂದರೆ ಬರಿಗಣ್ಣಿಗೆ ಎಂದೂ ಕಾಣದಷ್ಟು. ಮಿಕ್ಕ ತೂಕವೆಲ್ಲ ಆಳದಲ್ಲಿ ಮತ್ತು ತುಸು ದಪ್ಪವಾದ ಗರ್ಡಲ್‌ನಲ್ಲಿ ಅಡಗಿತ್ತು. ಉಂಗುರದಲ್ಲಿ ಕೂರಿಸಿದ ಮೇಲೆ ಆ ಆಳ ಲೋಹದೊಳಗೆ ಮುಳುಗಿರುತ್ತದೆ. ಒರಟು ಹರಳನ್ನು ಕೈಯಲ್ಲಿ ಹಿಡಿದವನಿಗೆ ಒಂದು ಕ್ಯಾರಟ್ ಎಂಬ ಗೆರೆ ದಾಟಿಸುವ ಆಸೆ ಇರುವುದು ಸಹಜ, ಏಕೆಂದರೆ ಆ ಗೆರೆ ದಾಟಿದ ಕಲ್ಲಿಗೆ ಬೆಲೆ ಜಿಗಿಯುತ್ತದೆ. ಅದನ್ನು ಮೋಸ ಎನ್ನಲಾರೆ. ಅಂಕಿಗಳೆಲ್ಲ ವರದಿಯಲ್ಲಿ ಮುದ್ರಿತವಾಗಿಯೇ ಇದ್ದವು, ಓದಬೇಕಾದವನು ನಾನಾಗಿದ್ದೆ.

ಇಷ್ಟರಲ್ಲಿ ಪರಿಚಿತರೊಬ್ಬರು ಹಾಲೊವೇ ಕಟ್ ಅಡ್ವೈಸರ್ ಎಂಬ ಲೆಕ್ಕಪಟ್ಟಿಯ ಬಗ್ಗೆ ಹೇಳಿದರು. ಆಸ್ಟ್ರೇಲಿಯದ ಗ್ಯಾರಿ ಹಾಲೊವೇ ರೂಪಿಸಿದ, ಎಚ್‌ಸಿಎ ಎಂಬ ಮೂರಕ್ಷರದಿಂದಲೇ ಹೆಚ್ಚು ಪರಿಚಿತವಾದ ಸಾಧನವದು. ದುಂಡು ವಜ್ರದ ಒಟ್ಟು ಆಳ, ಟೇಬಲ್, ಕ್ರೌನ್ ಕೋನ, ಪೆವಿಲಿಯನ್ ಕೋನಗಳನ್ನು ಭರ್ತಿ ಮಾಡಿದರೆ ಬೆಳಕಿನ ಮರಳಿಕೆ, ಕಿಡಿ, ಮಿನುಗು, ತೂಕಕ್ಕೆ ತಕ್ಕ ಅಗಲ ಎಂಬ ನಾಲ್ಕು ಬಾಬ್ತುಗಳಲ್ಲಿ ತೂಗಿ ಒಂದೇ ಒಂದು ಅಂಕ ಕೊಡುತ್ತದೆ. ಸೊನ್ನೆಯಿಂದ ಹತ್ತರವರೆಗಿನ ಈ ಅಳತೆಗೋಲಿನಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡರೊಳಗೆ ಬಂದರೆ ಪರಿಶೀಲನೆಗೆ ಯೋಗ್ಯ ಎಂಬುದು ರೂಢಿ. ನನ್ನ ದೊಡ್ಡ ಕಲ್ಲು ನಾಲ್ಕನ್ನು ದಾಟಿತು. ಚಿಕ್ಕದು ಎರಡರೊಳಗೆ ಆರಾಮವಾಗಿ ಕೂತಿತು. ಜಿಐಎ ಒಂದೇ ಪದದಲ್ಲಿ ಕಟ್ಟಿಹಾಕಿದ್ದ ಜೋಡಿಯನ್ನು ಈ ಅಂಕ ಒಂದು ನಿಮಿಷದಲ್ಲಿ ಬೇರ್ಪಡಿಸಿದ್ದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ.

ಆ ಸಂತೋಷವೇ ನನ್ನನ್ನು ದಾರಿ ತಪ್ಪಿಸಿತು ಎಂಬುದನ್ನೂ ಹೇಳಬೇಕು. ಮುಂದಿನ ನಾಲ್ಕೈದು ಸಂಜೆ ನಾನು ಇದ್ದಬದ್ದ ವರದಿಗಳ ಅಂಕಿಗಳನ್ನೆಲ್ಲ ಆ ಪಟ್ಟಿಗೆ ತುಂಬುತ್ತ ಕೂತೆ. 1.6 ಬಂದ ಕಲ್ಲಿಗಿಂತ 1.2 ಬಂದದ್ದು ಉತ್ತಮ, ಅದಕ್ಕಿಂತ 0.8 ಬಂದದ್ದು ಇನ್ನೂ ಉತ್ತಮ ಎಂದು ಸಾಲಾಗಿ ಬರೆದಿಟ್ಟೆ. ಚಿಕ್ಕ ಕಲ್ಲನ್ನೂ ಬಿಟ್ಟು, ಎಲ್ಲೋ ಇದ್ದ 0.8ರ ಕಲ್ಲಿನ ಬೆನ್ನು ಹತ್ತುವ ಯೋಚನೆ ಬಂತು. ಅದರ ಅಳತೆಗಳನ್ನು ಮತ್ತೆ ನೋಡಿದಾಗ ಕ್ರೌನ್ ಬಹಳ ತಗ್ಗಾಗಿರುವುದು, ಪೆವಿಲಿಯನ್ ಕೂಡ ಚಪ್ಪಟೆಯತ್ತ ವಾಲಿರುವುದು ಕಂಡಿತು. ಇಂಥ ಕಲ್ಲುಗಳು ಅಗಲವಾಗಿ ಕಾಣುತ್ತವೆ, ದೂರದಿಂದ ಬೆಳ್ಳಗೆ ಬೆಳಗುತ್ತವೆ. ಕಿವಿಯೋಲೆಗೋ ಪದಕಕ್ಕೋ ಸೊಗಸು. ಉಂಗುರವನ್ನು ಮಾತ್ರ ನಾವು ಕಣ್ಣಿಗೆ ಹತ್ತಿರ ತಂದು ನೋಡುತ್ತೇವೆ. ಆಗ ನೋಡುವವರ ತಲೆಯೇ ಬೆಳಕಿಗೆ ಅಡ್ಡಬಂದು ಅದರ ನೆರಳು ಕಲ್ಲಿನ ನಡುವೆ ಕಪ್ಪಾಗಿ ಬೀಳುತ್ತದೆ. ಅಂಕ ತೀರಾ ಕೆಳಗಿಳಿಯುವುದು ಒಳ್ಳೆಯದೇ ಆಗಬೇಕಿಲ್ಲ ಎಂಬುದು ಇಲ್ಲಿ ತಿಳಿಯಿತು.

ಇನ್ನೂ ದೊಡ್ಡ ಪಾಠ ದಶಾಂಶಗಳಲ್ಲಿತ್ತು. ಜಿಐಎ ವರದಿಯಲ್ಲಿ ಮುದ್ರಿತವಾದ ಕೋನಗಳು ಅಳೆದ ಕೋನಗಳಲ್ಲ, ಸಮೀಪದ ಅಂಕಿಗೆ ಒಗ್ಗಿಸಿದ ಕೋನಗಳು. ಕ್ರೌನ್ ಕೋನವನ್ನು ಅರ್ಧ ಡಿಗ್ರಿಗೆ, ಪೆವಿಲಿಯನ್ ಕೋನವನ್ನು 0.2 ಡಿಗ್ರಿಗೆ, ಟೇಬಲ್ ಅಗಲವನ್ನು ಶೇ. 1ಕ್ಕೆ ಒಗ್ಗಿಸುತ್ತಾರೆ. ವರದಿಯಲ್ಲಿ 41.1 ಎಂಬ ಪೆವಿಲಿಯನ್ ಕೋನ ಏಕೆ ಎಂದೂ ಕಾಣುವುದಿಲ್ಲ ಎಂಬ ನನ್ನ ಅನುಮಾನಕ್ಕೆ ಅಲ್ಲಿಗೆ ಪರಿಹಾರ ಸಿಕ್ಕಿತು. ಹೀಗಾಗಿ ಕ್ರೌನ್ 35.0, ಪೆವಿಲಿಯನ್ 41.0 ಎಂದು ಬರೆದಿದ್ದರೆ ನಿಜವಾದ ಕ್ರೌನ್ ಸುಮಾರು 34.75ರಿಂದ 35.25ರ ನಡುವೆ, ಪೆವಿಲಿಯನ್ 40.9ರಿಂದ 41.1ರ ನಡುವೆ ಎಲ್ಲಿಯಾದರೂ ಇರಬಹುದು. ಅಂಥ ಒಂದು ಕಲ್ಲಿನ ಅಳತೆಗಳನ್ನು ತೆಗೆದುಕೊಂಡು, ಕಾರ್ಖಾನೆಯಲ್ಲಿ ಮಾಡುವ ಹಾಗೆ, ಆ ಪುಟ್ಟ ಚೌಕದ ನಾಲ್ಕೂ ಮೂಲೆಗಳನ್ನು ಬೇರೆಬೇರೆಯಾಗಿ ಲೆಕ್ಕಪಟ್ಟಿಗೆ ತುಂಬಿದೆ. ಎರಡೂ ಕೋನ ತಗ್ಗಾದ ಮೂಲೆಯಲ್ಲಿ ಅಂಕ ಎರಡರೊಳಗೆ ಬಂತು; ಎರಡೂ ಕಡಿದಾದ ಮೂಲೆಯಲ್ಲಿ ಎರಡನ್ನು ದಾಟಿತು. ಕಲ್ಲು ಒಂದೇ, ವರದಿ ಒಂದೇ. ಅಂಕದ ದಶಾಂಶ ಸ್ಥಾನಕ್ಕಾಗಿ ನಾನು ಕಳೆದ ಸಂಜೆಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿದ್ದವು.

ಒಗ್ಗಿಸಿದ ಅಂಕಿಯ ಹಿಂದೆ ಇನ್ನೊಂದು ಪದರವಿದೆ. ವರದಿಯ ಕ್ರೌನ್ ಕೋನ ಎಂಬುದು ಎಂಟು ಮುಖ್ಯ ಮುಖಗಳ ಸರಾಸರಿ. ಎಂಟೂ 34.5 ಇದ್ದರೂ ಸರಾಸರಿ 34.5, ನಾಲ್ಕು 33.5, ನಾಲ್ಕು 35.5 ಇದ್ದರೂ ಸರಾಸರಿ ಅದೇ. ಮುಖ್ಯ ಮುಖಗಳ ಪಕ್ಕದ ಚಿಕ್ಕ ಮುಖಗಳು, ಅಂದರೆ ಗರ್ಡಲ್‌ಗೆ ತಾಗಿದ ಮೇಲಿನ 16 ಮತ್ತು ಕೆಳಗಿನ 16, ಕಲ್ಲಿನ ಮೇಲ್ಮೈಯ ದೊಡ್ಡ ಪಾಲನ್ನು ಆಕ್ರಮಿಸುತ್ತವೆ; ಅವುಗಳ ಓರೆ ಎಚ್‌ಸಿಎ ಲೆಕ್ಕದಲ್ಲಿ ಬರುವುದೇ ಇಲ್ಲ. ನಾಲ್ಕು ಸರಾಸರಿಗಳಿಂದ ಹುಟ್ಟಿದ ಅಂಕಕ್ಕೆ ಇದೆಲ್ಲ ಗೊತ್ತಾಗುವುದಾದರೂ ಹೇಗೆ?

ಕಾರ್ಖಾನೆಯಲ್ಲಿ ನಮ್ಮ ಬಳಿ ಗೋ–ನೋಗೋ ಗೇಜ್ ಎಂಬ ಸರಳ ಸಾಧನವಿದೆ. ರಂಧ್ರದೊಳಗೆ ಅದರ ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಳತೆ ತಪ್ಪಿದ ಮಾಲನ್ನು ಕ್ಷಣದಲ್ಲಿ ಪಕ್ಕಕ್ಕೆ ಸರಿಸಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಉಳಿದವುಗಳಲ್ಲಿ ಯಾವುದು ಶ್ರೇಷ್ಠ ಎಂದು ಅದನ್ನು ಕೇಳಿದರೆ ಕೇಳಿದವನೇ ಪೆದ್ದ. ಕಟ್ ಅಂಕವೂ ಅದೇ ಜಾತಿಯದು. ಹಾಲೊವೇ ಅವರ ಸಾಧನ ಕಲ್ಲುಗಳನ್ನು ಕೈಬಿಡುವುದಕ್ಕಾಗಿ ಇರುವುದು, ಅದನ್ನೇ ನಂಬಿ ಆರಿಸುವುದಕ್ಕಲ್ಲ ಎಂದು ಅದನ್ನು ಬಹುಕಾಲ ಬಳಸಿದವರೂ ಹೇಳುತ್ತಾರೆ. ಆ ದಿನದಿಂದ ನಾನು ಅಂಕವನ್ನು ನೋಡುವುದು ಒಂದೇ ಒಂದು ಪ್ರಶ್ನೆಯೊಂದಿಗೆ: ಈ ಕಲ್ಲಿನ ಹಿಂದೆ ಇನ್ನೂ ಸಮಯ ಕಳೆಯಬೇಕೇ, ಬೇಡವೇ?

ಸಮಯ ಕಳೆಯಬೇಕೆಂದಾದರೆ ಮುಂದಿನ ಹೆಜ್ಜೆ ಚಿತ್ರ. ವಾರದ ಬಳಿಕ ಮತ್ತೆ ಹೋದಾಗ ಐಡಿಯಲ್‌ಸ್ಕೋಪ್ ಎಂಬ ಪುಟ್ಟ ಕೊಳವೆಯೊಂದನ್ನು ತರಿಸಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೆ. ಅದರ ಒಳಮೈ ಕೆಂಪು, ಮೇಲೊಂದು ಮಸೂರ. ಕಲ್ಲನ್ನು ಹಿಂದಿನಿಂದ ಬಿಳಿ ಬೆಳಕು ಬರುವಂತೆ ಇಟ್ಟು ಕೊಳವೆಯ ಮೂಲಕ ನೋಡಿದರೆ, ಕಲ್ಲು ಕಣ್ಣಿಗೆ ಬೆಳಕನ್ನು ಮರಳಿಸುವ ಕಡೆಯೆಲ್ಲ ಕೆಂಪಾಗಿ ಕಾಣುತ್ತದೆ. ನೋಡುವವನ ಕಣ್ಣಿನ ದಿಕ್ಕಿನಿಂದಲೇ ಬೆಳಕು ತೆಗೆದುಕೊಳ್ಳುವ ಜಾಗಗಳು ಕಪ್ಪು. ಬೆಳಕು ಸೋರುವ ಜಾಗಗಳಲ್ಲಿ ಹಿಂದಿನ ಬಿಳಿ ನೇರವಾಗಿ ಇಣುಕುತ್ತದೆ.

ಮೊದಲು 1.01ರ ಕಲ್ಲನ್ನು ಇಟ್ಟೆ. ಹೊರ ಅಂಚು ಕೆಂಪಗಿತ್ತು, ನಡುವೆ ಪೆವಿಲಿಯನ್‌ನ ಎಂಟು ಮುಖ್ಯ ಮುಖಗಳು ಮೂಡಿಸುವ ಎಂಟು ಕಪ್ಪು ಬಾಣಗಳೂ ಇದ್ದವು. ಟೇಬಲ್‌ನ ಅಂಚಿನ ಒಳಗೆ ಮಾತ್ರ, ಸುತ್ತಲೂ, ಬಣ್ಣಗೆಟ್ಟ ತೆಳುಗುಲಾಬಿಯ ಉಂಗುರವೊಂದು ಹರಡಿತ್ತು. ಕೆಂಪು ಬಟ್ಟೆಯನ್ನು ಪದೇಪದೇ ಒಗೆದು ಒಂದು ಪಟ್ಟಿಯಷ್ಟೇ ಮಾಸಿದ ಹಾಗೆ. ವಾರದ ಹಿಂದೆ ಕಾಗದದ ಮೇಲೆ ಓದಿದ 35.5 ಮತ್ತು 41.4 ಎಂಬ ಅಂಕಿಗಳು ಅಲ್ಲಿ ವೃತ್ತಾಕಾರವಾಗಿ ಕೂತಿದ್ದವು. ಬಳಿಕ 0.96ರದನ್ನು ಇಟ್ಟೆ. ಟೇಬಲ್‌ನ ಕೆಳಗೂ ಅಂಚಿನಲ್ಲೂ ಒಂದೇ ಗಾಢತೆಯ ಕೆಂಪು, ಅದರ ಮೇಲೆ ಚೂಪಾದ ಎಂಟು ಬಾಣಗಳು, ತೀರಾ ಅಂಚಿನಲ್ಲಿ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ತ್ರಿಕೋನಗಳು. ಆ ಚಿಕ್ಕ ತ್ರಿಕೋನಗಳು ಒಳ್ಳೆಯ ಕಲ್ಲುಗಳಲ್ಲೂ ಇರುತ್ತವೆ, ಗಾಬರಿ ಬೇಡ. ಮಾರಾಟಗಾರರೂ ಕುತೂಹಲದಿಂದ ಕೊಳವೆಯನ್ನು ತೆಗೆದುಕೊಂಡು ಎರಡನ್ನೂ ನೋಡಿದರು. ‘ಇದು ಹೀಗಿರುತ್ತದೆಂದು ಗೊತ್ತಿರಲಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಿದರು.

ಚಿಕ್ಕ ಕಲ್ಲಿನ ಪೂರ್ಣ ಸ್ಕ್ಯಾನ್ ಪ್ರತಿಯನ್ನೂ ಅವರೇ ತರಿಸಿಕೊಟ್ಟರು. ಸಾಣೆಯ ಕಾರ್ಖಾನೆಗಳಲ್ಲಿ ಕಲ್ಲನ್ನು ತಿರುಗಿಸಿ ಪ್ರತಿಯೊಂದು ಮುಖವನ್ನೂ ಅಳೆಯುವ ಯಂತ್ರಗಳಿರುವುದರಿಂದ, ಕೇಳಿದರೆ ಅನೇಕ ಸಲ ಈ ಹಾಳೆ ಸಿಗುತ್ತದೆ. ಅದರಲ್ಲಿ ಕ್ರೌನ್ ಕೋನಗಳು 34.3ರಿಂದ 34.7ರೊಳಗೆ, ಪೆವಿಲಿಯನ್ ಕೋನಗಳು 40.7ರಿಂದ 40.9ರೊಳಗೆ ಇದ್ದವು. ಸರಾಸರಿಯ ಹಿಂದೆ ಏನೂ ಅಡಗಿರಲಿಲ್ಲ. ಈ ಒಂದು ಹಾಳೆ ನನಗೆ ಹತ್ತು ಅಂಕಗಳಿಗಿಂತ ಹೆಚ್ಚಿನ ಸಮಾಧಾನ ಕೊಟ್ಟಿತು. ಇದು ನನ್ನ ಕಸುಬಿನ ಪಕ್ಷಪಾತವೂ ಇರಬಹುದು.

ಕೊನೆಗೆ ಕಣ್ಣು. ಅಂಗಡಿಯ ಚುಕ್ಕಿದೀಪಗಳು ವಜ್ರದ ದೋಷಗಳನ್ನು ಮುಚ್ಚುವುದರಲ್ಲಿ ನಿಸ್ಸೀಮವಾದವು. ಅವುಗಳ ಕೆಳಗೆ ಪ್ರತಿ ಕಲ್ಲೂ ಕಿಡಿ ಕಾರುತ್ತದೆ. ಆದ್ದರಿಂದ ಎರಡನ್ನೂ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಒಯ್ದೆ. ಬಳಿಕ ಮೇಜಿನ ಅಡಿಯ ನೆರಳಿನಲ್ಲಿ ಹಿಡಿದೆ. ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿಟ್ಟು ನಿಧಾನವಾಗಿ ಆಚೀಚೆ ವಾಲಿಸಿದೆ. ನೆರಳಿನಲ್ಲಿ ದೊಡ್ಡ ಕಲ್ಲಿನ ನಡುಭಾಗ ತುಸು ಬೂದುಬಣ್ಣಕ್ಕೆ ತಿರುಗಿತು, ಹೊಳಪೆಲ್ಲ ಅಂಚಿಗೆ ಓಡಿಹೋದಂತೆ ಕಂಡಿತು. ಚಿಕ್ಕದು ಅಂಚಿನಿಂದ ಅಂಚಿಗೆ ಬೆಳಗುತ್ತಿತ್ತು, ಹಾಗಾಗಿ ಅದೇ ದೊಡ್ಡದೆಂದು ಭಾಸವಾಗುತ್ತಿತ್ತು. ಜೊತೆಗೆ ಬಂದಿದ್ದ ಹೆಂಡತಿಗೆ ಯಾವುದು ಯಾವುದೆಂದು ಹೇಳದೆ ಎರಡನ್ನೂ ಕೊಟ್ಟೆ. ಅವಳು ಅರೆಕ್ಷಣ ನೋಡಿ ಚಿಕ್ಕದನ್ನು ಬೆರಳುಗಳ ಸಂದಿಗೆ ಇಟ್ಟುಕೊಂಡು, ‘ಇದು ದೊಡ್ಡದಲ್ಲವೇ’ ಎಂದಳು. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಎಲ್ಲರಿಗೂ ಎಲ್ಲ ಬೆಳಕಿನಲ್ಲೂ ಕಾಣುತ್ತದೆ ಎನ್ನಲಾರೆ. ಚುಕ್ಕಿದೀಪದ ಕೆಳಗೆ ಮರಳಿ ಇಟ್ಟಾಗ ನನಗೂ ಗೊಂದಲವಾಯಿತು.

ಅಂಕಗಳ ದಿಕ್ಕಿನ ಬಗ್ಗೆ ಒಂದು ಎಚ್ಚರ. ಹಾಲೊವೇ ಪದ್ಧತಿಯಲ್ಲಿ ಕಡಿಮೆ ಅಂಕ ಒಳ್ಳೆಯದು. ಅಮೆರಿಕನ್ ಜೆಮ್ ಸೊಸೈಟಿಯ ಪ್ರಯೋಗಾಲಯವೂ ಸೊನ್ನೆಯನ್ನೇ ಅತ್ಯುತ್ತಮವೆಂದು ಎಣಿಸುತ್ತಿತ್ತು. ‘ಎಜಿಎಸ್ ಸೊನ್ನೆ’ ಎಂಬ ಮಾತು ಅಲ್ಲಿಂದ ಬಂದದ್ದು. 2022ರ ಕೊನೆಗೆ ಆ ಪ್ರಯೋಗಾಲಯ ಮುಚ್ಚಿತು, ಅದರ ಪದ್ಧತಿಯ ವರದಿಯನ್ನು ಬಳಿಕ ಜಿಐಎ ಕೊಡತೊಡಗಿತು. ಇದಕ್ಕೆ ವಿರುದ್ಧವಾಗಿ ಕೆಲವು ಮಾರಾಟಗಾರರು ತಮ್ಮದೇ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟು ಎಂಬಂತೆ ಅಂಕ ಕೊಡುತ್ತಾರೆ. ಒಂದು ಕಡೆ ಅಂಥ ಹೊಳಪಿನ ಅಂಕದ ಕಾರ್ಡು ತೋರಿಸಿದಾಗ, ಯಾವ ಅಳತೆಗಳಿಂದ ಇದನ್ನು ತೆಗೆದಿರಿ ಎಂದು ಕೇಳಿದೆ. ‘ಸಿಸ್ಟಮ್ ಕೊಡುತ್ತದೆ’ ಎಂಬುದಷ್ಟೇ ಉತ್ತರ. ಸಿಸ್ಟಮ್‌ಗೆ ಯಾರೋ ಏನನ್ನೋ ಕೊಟ್ಟಿರಲೇಬೇಕಲ್ಲ! ಯಾವ ಅಂಶಗಳನ್ನು ಅಳೆದರು, ಯಾರು ಅಳೆದರು, ಕೆಳಗಿನ ಅಂಕ ಯಾವ ಕಲ್ಲಿಗೆ ಬರುತ್ತದೆ ಎಂಬ ಮೂರಕ್ಕೂ ಉತ್ತರವಿಲ್ಲದ ಅಂಕವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಂಡಾಕಾರ, ಪೇರ್, ಕುಶನ್ ಮುಂತಾದ ಆಕಾರಗಳಿಗೆ ಮೇಲಿನ ಯಾವ ಕೋನದ ಲೆಕ್ಕವೂ ಹೊಂದುವುದಿಲ್ಲ, ಎಚ್‌ಸಿಎ ಅಂಕವೂ ಹೊಂದುವುದಿಲ್ಲ. ಒಂದೇ ಟೇಬಲ್, ಒಂದೇ ಆಳ ಇರುವ ಎರಡು ಅಂಡಾಕಾರದ ಕಲ್ಲುಗಳಲ್ಲಿ ಒಂದರ ನಡುವೆ ಬೋ ಟೈ ಎಂಬ ಕಪ್ಪು ನೆರಳು ಗಾಢವಾಗಿ ಅಡ್ಡಬಿದ್ದಿರುತ್ತದೆ, ಇನ್ನೊಂದರಲ್ಲಿ ಅದು ನೆಪಕ್ಕಷ್ಟೇ ಇರುತ್ತದೆ. ಅಲ್ಲಿ ಚಿತ್ರ ಮತ್ತು ಕಣ್ಣುಗಳೇ ಗತಿ. ಪ್ರಯೋಗಾಲಯದಲ್ಲಿ ಬೆಳೆಸಿದ ದುಂಡು ವಜ್ರವಾದರೆ ಅದೂ ವಜ್ರವೇ, ಅದೇ ವಕ್ರೀಭವನ ಸೂಚ್ಯಂಕ; ಕೋನಗಳ ಮಾತೆಲ್ಲ ಅದಕ್ಕೂ ಹಾಗೆಯೇ ಅನ್ವಯಿಸುತ್ತದೆ.

0.96ರ ಕಲ್ಲನ್ನೇ ತೆಗೆದುಕೊಂಡೆವು. ಹಣ ಕೊಡುವ ಮೊದಲು ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಗರ್ಡಲ್ ಮೇಲೆ ಲೇಸರ್‌ನಿಂದ ಕೊರೆದ ಸಂಖ್ಯೆಯನ್ನು ಓದಿ ವರದಿಯ ಸಂಖ್ಯೆಯೊಂದಿಗೆ ತಾಳೆ ನೋಡಿದೆ, ಜಿಐಎ ದಾಖಲೆಯಲ್ಲೂ ಪರಿಶೀಲಿಸಿದೆ. ಉಂಗುರದಲ್ಲಿ ಕೂರಿಸಿ ತಂದ ಮೇಲೆ ಮತ್ತೊಮ್ಮೆ ಓದಲು ಹೋದರೆ ಸಂಖ್ಯೆಯ ಅರ್ಧಭಾಗ ಕಲ್ಲನ್ನು ಹಿಡಿದಿಡುವ ಲೋಹದ ಹಲ್ಲಿನ ಹಿಂದೆ ಸರಿದಿತ್ತು. ಕಾಣುವ ಕಡೆ ಬರುವಂತೆ ಕೂರಿಸಿ ಎಂದು ಮೊದಲೇ ಹೇಳಬೇಕಿತ್ತು.

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಹೆಂಡತಿ ಕೈ ಚಾಚಿ, ಕಲ್ಲು ಮೊದಲಿನಂತೆ ಹೊಳೆಯುತ್ತಿಲ್ಲ, ನಿನ್ನ ಅಂಕವೆಲ್ಲ ಎಲ್ಲಿ ಹೋಯಿತು ಎಂದು ಕೇಳಿದಳು. ನಿಜಕ್ಕೂ ನಡುಭಾಗ ಮಂಕಾಗಿತ್ತು. ಉಂಗುರವನ್ನು ತಿರುಗಿಸಿ ಲೂಪ್‌ನಲ್ಲಿ ನೋಡಿದರೆ ಪೆವಿಲಿಯನ್‌ನ ಮುಖಗಳ ಮೇಲೆ ಸೋಪು ಮತ್ತು ಕೈಗೆ ಹಚ್ಚುವ ಕ್ರೀಮು ಸೇರಿ ಹೆಪ್ಪುಗಟ್ಟಿದ ಪೊರೆ. ವಜ್ರಕ್ಕೆ ಜಿಡ್ಡೆಂದರೆ ಬಲು ಪ್ರೀತಿ. ಕಾಗದದ ತುಂಡಿನ ಮೇಲೆ ಲೆಕ್ಕ ಮಾಡಿದೆ: ಮುಖದ ಆಚೆ ಗಾಳಿಯಿದ್ದರೆ ಕ್ರಾಂತಿಕ ಕೋನ 24.4 ಡಿಗ್ರಿ, ಸೂಚ್ಯಂಕ ಸುಮಾರು 1.5 ಇರುವ ಎಣ್ಣೆಯ ಪದರವಿದ್ದರೆ ಅದು 38 ಡಿಗ್ರಿ ದಾಟುತ್ತದೆ. ಗಾಳಿಯ ಎದುರು ಸುರಕ್ಷಿತವಾಗಿ ಮರಳುತ್ತಿದ್ದ ಎಷ್ಟೋ ಕಿರಣಗಳು ಈಗ ಆ ಜಿಡ್ಡಿನೊಳಗೆ ಇಳಿದುಹೋಗುತ್ತಿದ್ದವು. 40.8 ಡಿಗ್ರಿಯ ಪೆವಿಲಿಯನ್ ತನ್ನ ಅಳತೆಯಲ್ಲಿ ಕೂದಲೆಳೆಯಷ್ಟೂ ಬದಲಾಗದೆ ಸೋರುವ ಕಲ್ಲಾಗಿತ್ತು. ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಹತ್ತು ನಿಮಿಷ ನೆನೆಸಿ, ಮಕ್ಕಳ ಮೆದುವಾದ ಹಲ್ಲುಜ್ಜುವ ಬ್ರಷ್‌ನಿಂದ ಲೋಹದ ಹಲ್ಲುಗಳ ಸಂದಿಯಲ್ಲಿ, ಕಲ್ಲಿನ ಹಿಂಬದಿಯಲ್ಲಿ ಉಜ್ಜಿದೆ. ತೊಳೆದು ಒರೆಸಿ ಕಿಟಕಿಯ ಬಳಿ ಹಿಡಿದಾಗ ಎಂಟು ಬಾಣಗಳೂ ಒಂದೊಂದಾಗಿ ಮರಳಿ ಬಂದವು. ಅಂದಿನಿಂದ ಪ್ರತಿ ಭಾನುವಾರ ಆ ಬಟ್ಟಲನ್ನು ತೆಗೆದಿಡುವ ಕೆಲಸ ನನ್ನದು.